ಕೊನೆಯ ಹೆಸರಿಲ್ಲದವರು

ಆಧುನಿಕ ಬದುಕಿನ ಕಿರಿಕಿರಿಗಳ ಬಗ್ಗೆ ನಮ್ಮಲ್ಲಿ ನಗೆಬರಹಗಳಿಗೆ ಕೊರತೆಯಿಲ್ಲ. ಕೆಟ್ಟು ನಿಂತ ಲಿಫ್ಟು, ಬಾರದ ಬಸ್ಸು, ಒಂದು ಒತ್ತಿ ಎರಡು ಒತ್ತಿ ಎಂದು ಸತಾಯಿಸುವ ಫೋನು, ಊಟಕ್ಕೆ ಕೂತ ಹೊತ್ತಿಗೇ ಸಾಲ ಬೇಕೇ ಎಂದು ಕೇಳುವ ಕರೆ - ಇವನ್ನೆಲ್ಲ ಬರೆದು, ಓದಿ, ನಕ್ಕು ಹಗುರಾಗಿದ್ದೇವೆ. ಆದರೆ ಎಲ್ಲ ಕಿರಿಕಿರಿಗಳೂ ಒಂದೇ ತೂಕದವಲ್ಲ. ಕೆಲವು ಮಳೆಯ ಹಾಗೆ, ಬಂದರೆ ಎಲ್ಲರೂ ನೆನೆಯುತ್ತಾರೆ. ಇನ್ನು ಕೆಲವು ಒಬ್ಬರಿಗೆ ತಮಾಷೆಯಾದರೆ ಮತ್ತೊಬ್ಬರಿಗೆ ಅನ್ನದ ಪ್ರಶ್ನೆ. ಈ ಎರಡನೆಯ ಗುಂಪಿಗೆ ಸೇರಿದ ಒಂದು ಚಿಕ್ಕ ವಸ್ತುವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಳ್ಳುತ್ತಿದ್ದೇವೆ. ಅದು ಅರ್ಜಿ ನಮೂನೆಯಲ್ಲಿ ಕೆಂಪು ಚುಕ್ಕೆ ಇಟ್ಟುಕೊಂಡು ಕೂತಿರುವ ಒಂದು ಚೌಕ. ಅದರ ಮೇಲೆ 'ಕೊನೆಯ ಹೆಸರು' ಎಂದು ಬರೆದಿರುತ್ತದೆ. ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಕನ್ನಡಿಗರಿಗೆ ಕೊನೆಯ ಹೆಸರು ಯಾವುದು? ಉತ್ತರ ಕರ್ನಾಟಕದವರಿಗೆ ಇದು ಅಂಥ ಕಷ್ಟದ ಪ್ರಶ್ನೆಯಲ್ಲ. ಅಲ್ಲಿ ಅಡ್ಡಹೆಸರು ಇದೆ. ಪಾಟೀಲ, ದೇಸಾಯಿ, ಇನಾಮದಾರ, ನದಾಫ, ಅತ್ತಾರ, ಬಾಗವಾನ. ಹೆಸರಿನ ಬಾಲದಲ್ಲೇ ಮನೆತನವೋ ಕಸುಬೋ ಕೂತಿರುತ್ತದೆ. ಪಾಟೀಲ, ಇನಾಮದಾರರಂತೂ ಹಿಂದೂಗಳಲ್ಲೂ ಇದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ. ಹಳೆ ಮೈಸೂರು ಸೀಮೆಗೆ ಬಂದರೆ ಲೆಕ್ಕ ತಿರುಗುಮುರುಗಾಗುತ್ತದೆ. ಇಲ್ಲಿ ಬಹುಮಂದಿಗೆ ಇರುವುದು ಇನಿಷಿಯಲ್ಲು. ಊರು ಮುಂದೆ, ಅಪ್ಪ ನಡುವೆ, ತಾನು ಕೊನೆಗೆ. ಕೆ.ಎಸ್. ನಿಸಾರ್ ಅಹಮದ್ ಅಂದರೆ ಕೊಕ್ಕರೆಹೊಸಹಳ್ಳಿ ಶೇಖ್ ಹೈದರ್ ನಿಸಾರ್ ಅಹಮದ್. ಯು.ಆರ್. ಅನಂತಮೂರ್ತಿ ಅಂದರೆ ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ. ಒಬ್ಬರು ಮುಸ್ಲಿಂ, ಒಬ್ಬರು ಬ್ರಾಹ್ಮಣ. ಹೆಸರು ಕಟ್ಟಿದ ಕ್ರಮ ಮಾತ್ರ ಒಂದೇ. ಊರನ್ನೂ ಅಪ್ಪನನ್ನೂ ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವ ಈ ಕ್ರಮದಲ್ಲಿ ಒಂದು ಸೌಜನ್ಯವೂ ಇದೆ.

ಕರಾವಳಿಯ ದಾರಿ ಬೇರೆ. ಬೊಳುವಾರು ಮಹಮದ್ ಕುಂಞಿ ಅವರಲ್ಲಿ ಊರು ಮುಂದೆ ಬಂದರೆ, ಫಕೀರ್ ಮುಹಮ್ಮದ್ ಕಟ್ಪಾಡಿ ಅವರಲ್ಲಿ ಊರು ಹಿಂದೆ ಬರುತ್ತದೆ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಇವರ ಹೆಸರುಗಳ ಕೊನೆಯಲ್ಲಿರುವುದು ಮನೆತನವಲ್ಲ, ಗಂಡನ ಹೆಸರು. 2025ರಲ್ಲಿ 'ಹಾರ್ಟ್ ಲ್ಯಾಂಪ್' ಕೃತಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹೊರದೇಶದವರಿಗೆ 'ಮುಷ್ತಾಕ್' ಎಂಬುದೇ ಲೇಖಕಿಯ ಕೊನೆಯ ಹೆಸರು. ನಮಗೆ ಅವರು ಬಾನು. ಒಂದೇ ನಾಡಿನಲ್ಲಿ ಹೆಸರಿಡುವ ರೀತಿ ನಾಲ್ಕಾರು ಇವೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ತಪ್ಪಾಗುವುದು ಚೌಕದ ಮುಂದೆ ಬಂದು ನಿಂತಾಗ.

ಪ್ಯಾನ್ ಕಾರ್ಡಿಗಾಗಿ ಬಹುಕಾಲ ಬಳಕೆಯಲ್ಲಿದ್ದ 49ಎ ನಮೂನೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಹೆಸರಿಗೆ ಮೂರು ಅಂಕಣಗಳಿದ್ದವು: ಕೊನೆಯದು, ಮೊದಲನೆಯದು, ನಡುವಿನದು. ಇನಿಷಿಯಲ್ ಹಾಗೇ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ದಕ್ಷಿಣದವರಿಗೆ ಗೊಂದಲ ಆಗಬಾರದೆಂದು ಸೂಚನೆಗಳಲ್ಲಿ ಒಂದು ಉದಾಹರಣೆಯನ್ನೂ ಕೊಟ್ಟಿದ್ದರು. ಎಂ.ಎಸ್. ಕಂದಸ್ವಾಮಿ ಎಂಬವರು ಮದುರೈ ಸೋಮಸುಂದರಂ ಕಂದಸ್ವಾಮಿ ಎಂದು ಬಿಡಿಸಿಕೊಳ್ಳಬೇಕು. ಆಗ ಕೊನೆಯ ಹೆಸರು ಕಂದಸ್ವಾಮಿ, ನಡುವಿನದು ಸೋಮಸುಂದರಂ, ಮೊದಲ ಹೆಸರು ಮದುರೈ! ಒಂದು ಇಡೀ ಪಟ್ಟಣ ಒಬ್ಬ ಮನುಷ್ಯನ ಮೊದಲ ಹೆಸರಾಗಿಬಿಟ್ಟಿತು. ಇದೇ ನ್ಯಾಯದಲ್ಲಿ ನಿತ್ಯೋತ್ಸವದ ಕವಿಗೆ ಬ್ಯಾಂಕಿನಿಂದ ಪತ್ರ ಬಂದರೆ 'ಪ್ರಿಯ ಕೊಕ್ಕರೆಹೊಸಹಳ್ಳಿ' ಎಂದು ಶುರುವಾಗಬೇಕು. ವಿಶ್ವೇಶ್ವರಯ್ಯನವರಿಗೆ 'ಪ್ರಿಯ ಮೋಕ್ಷಗುಂಡಂ'. ನಗು ಬರುತ್ತದೆ. ಆದರೆ ಇದನ್ನು ನಗೆಬರಹಗಾರರು ಕಟ್ಟಿದ್ದಲ್ಲ, ಸರಕಾರಿ ಸೂಚನೆಯೇ ಹಾಗಿತ್ತು.

ಇನ್ನು ಪಾಸ್‌ಪೋರ್ಟು. ಅದರಲ್ಲಿ ಅಂಕಣ ಎರಡು: ಇಟ್ಟ ಹೆಸರು ಒಂದು, ಸರ್‌ನೇಮ್ ಒಂದು. ಆಧಾರ್‌ನಲ್ಲಿ ಒಂದೇ ಅಂಕಣ, ಪೂರ್ತಿ ಹೆಸರನ್ನು ಒಟ್ಟಿಗೆ ಬರೆಯಬಹುದು. ಹೀಗೆ ಒಂದೇ ಸರಕಾರದ ಮೂರು ಪತ್ರಗಳು ಒಬ್ಬನೇ ಮನುಷ್ಯನನ್ನು ಮೂರು, ಎರಡು, ಒಂದು ಎಂದು ಮೂರು ಬಗೆಯಲ್ಲಿ ತುಂಡು ಮಾಡುತ್ತವೆ. ಆಮೇಲೆ ಇದೇ ಸರಕಾರ ಕೇಳುತ್ತದೆ: ಈ ಮೂರರಲ್ಲೂ ಹೆಸರು ಒಂದೇ ಥರ ಯಾಕಿಲ್ಲ? ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಮಾತು ನಮ್ಮಲ್ಲಿ ಹಳೆಯದು. ಇಲ್ಲಿ ಎತ್ತು ಕೋಣ ಎರಡನ್ನೂ ಕಟ್ಟಿದವರು ಅವರೇ, ಗಾಡಿ ಸಾಗದಿದ್ದಕ್ಕೆ ದಂಡ ಕಟ್ಟುವವರು ನಾವು. ದಂಡ ಎಂಬುದು ಅಲಂಕಾರದ ಮಾತಲ್ಲ. ಪ್ಯಾನ್ ಮತ್ತು ಆಧಾರ್ ಜೋಡಣೆಗೆ ಕೊನೆಯ ಗಡುವು 2023ರ ಜೂನ್ 30 ಆಗಿತ್ತು, ತಡವಾದವರಿಗೆ ಶುಲ್ಕ 1000 ರೂಪಾಯಿ. ಎರಡರಲ್ಲಿ ಹೆಸರು ಹೊಂದದಿದ್ದರೆ ಜೋಡಣೆಯೇ ಆಗುವುದಿಲ್ಲ. ಜೋಡಣೆಯಾಗದ ಪ್ಯಾನ್ ಜುಲೈ 1ರಿಂದ ನಿಷ್ಕ್ರಿಯ.

ಅಂಕಣದ ತೊಡಕು ಹೀಗಾದರೆ ಅಕ್ಷರದ ತೊಡಕು ಇನ್ನೊಂದು ಬಗೆ. ಕನ್ನಡದಲ್ಲಿ ಬರೆದದ್ದನ್ನು ಇಂಗ್ಲಿಷ್ ಅಕ್ಷರಕ್ಕೆ ತರುವುದಕ್ಕೆ ಜನಬಳಕೆಯಲ್ಲಿ ಒಂದು ಗೊತ್ತಾದ ನಿಯಮವಿಲ್ಲ. ಲಕ್ಷ್ಮಿಯನ್ನು ಎಕ್ಸ್ ಹಾಕಿಯೂ ಬರೆಯುತ್ತಾರೆ, ಕೆ ಎಸ್ ಎಚ್ ಹಾಕಿಯೂ ಬರೆಯುತ್ತಾರೆ. ಬಸವರಾಜನಿಗೆ ಒಬ್ಬ ಗುಮಾಸ್ತ ಕೊನೆಗೊಂದು ಎ ಸೇರಿಸುತ್ತಾನೆ, ಇನ್ನೊಬ್ಬ ಕಿತ್ತು ಹಾಕುತ್ತಾನೆ. ಮುಸ್ಲಿಂ ಹೆಸರುಗಳ ಪಾಡು ಇನ್ನೂ ಕಷ್ಟ. ಅವು ಅರಬ್ಬಿಯಿಂದ ಹೊರಟು ಉರ್ದು, ಬ್ಯಾರಿ, ಕನ್ನಡಗಳ ಮೂಲಕ ಇಂಗ್ಲಿಷಿಗೆ ಬರುತ್ತವೆ. ಮುಹಮ್ಮದ್ ಎಂಬ ಒಂದು ಹೆಸರಿಗೆ ಎಷ್ಟು ಕಾಗುಣಿತಗಳಿವೆಯೆಂದು ಯಾವುದಾದರೂ ಮತದಾರರ ಪಟ್ಟಿಯನ್ನು ತೆರೆದು ನೋಡಿ. ಮೊಹಮ್ಮದ್, ಮಹಮ್ಮದ್, ಮಹಮದ್, ಮೊಹಮೆದ್. ಜಾಗ ಸಾಲದಾಗ ಬರೀ 'ಎಂಡಿ'. 'ಕುಂಞಿ'ಯ ಞ ಅಕ್ಷರಕ್ಕಂತೂ ಇಂಗ್ಲಿಷಿನಲ್ಲಿ ನೆಲೆಯೇ ಇಲ್ಲ. ಒಬ್ಬರು ಎನ್ ಎಚ್ ಬರೆಯುತ್ತಾರೆ, ಒಬ್ಬರು ಎನ್ ಜೆ ಬರೆಯುತ್ತಾರೆ. ಕನ್ನಡದಲ್ಲಿ ಓದಿದರೆ ಮೂರೂ ಕಾಗದಗಳಲ್ಲಿ ಒಬ್ಬನೇ ಮನುಷ್ಯ. ಕಂಪ್ಯೂಟರಿಗೆ ಅವರು ಮೂವರು.

ಆಗ ಪರಿಹಾರಕ್ಕೆ ಬರುವುದು ಛಾಪಾ ಕಾಗದ. 'ಮೇಲ್ಕಂಡ ಇಬ್ಬರೂ ಒಬ್ಬನೇ ವ್ಯಕ್ತಿ' ಎಂದು ನೋಟರಿಯ ಮುಂದೆ ಪ್ರಮಾಣ ಮಾಡಬೇಕು. ತಾನು ತಾನೇ ಎಂದು ಆಣೆ ಇಡಬೇಕಾದ ಸ್ಥಿತಿಯನ್ನು ನಮ್ಮ ಅಜ್ಜಂದಿರು ಕಂಡಿರಲಿಲ್ಲ. ಬಳಿಕ ಎರಡು ಪತ್ರಿಕೆಗಳಲ್ಲಿ ಜಾಹೀರಾತು. ಮೂಗಿಗಿಂತ ಮೂಗುತಿ ಭಾರ.

ಓದು ಬರಹ ಬಲ್ಲವರಿಗೆ, ಪೇಟೆಯಲ್ಲಿರುವವರಿಗೆ, ಒಂದು ದಿನ ರಜೆ ಹಾಕಲು ಶಕ್ತರಾದವರಿಗೆ ಇದು ಕಿರಿಕಿರಿ ಮಾತ್ರ. ಸಂಜೆ ಗೆಳೆಯರ ಮುಂದೆ ಹೇಳಿ ನಗಲು ಒಂದು ಕತೆಯೂ ಆಗುತ್ತದೆ. ಬೀಡಿ ಕಟ್ಟುವ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ಗುತ್ತಿಗೆದಾರನ ಪುಸ್ತಕದಲ್ಲಿ ಆಕೆ ಬೀಫಾತಿಮಾ. ರೇಷನ್ ಕಾರ್ಡಿನಲ್ಲಿ ಫಾತಿಮಾ ಬಿ. ಆಧಾರ್‌ನಲ್ಲಿ ಬರೀ ಫಾತಿಮಾ. ಮೂವತ್ತು ವರ್ಷ ಎಲೆ ಸುರುಳಿ ಮಾಡಿದ ಬೆರಳುಗಳಲ್ಲಿ ಗೆರೆಗಳೂ ಸವೆದಿರುತ್ತವೆ. ಆಕೆಯ ಭವಿಷ್ಯನಿಧಿ, ಪಿಂಚಣಿ, ಬ್ಯಾಂಕಿಗೆ ಬರಬೇಕಾದ ಸಹಾಯಧನ ಎಲ್ಲವೂ ಒಂದು 'ಬಿ' ಅಕ್ಷರದ ಮೇಲೆ ನಿಂತಿವೆ. ಪಕ್ಕದ ಮನೆಯ ಗಿರಿಜಮ್ಮ ಒಂದು ಕಾಗದದಲ್ಲಿ ಗಿರಿಜಾ ಆಗಿದ್ದರೆ ಆಕೆಯ ಗತಿಯೂ ಇದೇ. ಒಂದು ದಿನ ಕಚೇರಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಸರ್ವರ್ ಇಲ್ಲ ಅಂದರೆ ಮರುದಿನದ್ದೂ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಇಲ್ಲಿ ಪೂಜಾರಿಯೂ ಮನುಷ್ಯನಲ್ಲ, ಜಗಳವಾಡಲೂ ಎದುರಿಗೆ ಮುಖವಿಲ್ಲ.

ಗಲ್ಫನ್ನು ನೆಚ್ಚಿದ ಮನೆಗಳಿಗೆ 2022ರ ನವೆಂಬರ್ ನೆನಪಿರಬಹುದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಇನ್ನೊಂದು ಅಂಕಣ ಖಾಲಿ ಇರುವವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ ಆಗ ತಿಳಿಸಿತು. ಕೆಲವೇ ದಿನಗಳಲ್ಲಿ ಒಂದು ಸ್ಪಷ್ಟನೆ ಬಂತು: ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು. ಅಂದರೆ ಬೇಕಾದ ಮಾಹಿತಿ ಅದೇ ಪುಸ್ತಕದಲ್ಲಿ ಮೊದಲಿನಿಂದಲೂ ಇತ್ತು, ಹಾಳೆ ತಿರುಗಿಸಿರಲಿಲ್ಲ ಅಷ್ಟೆ. ಅಮೆರಿಕದ ವೀಸಾದಲ್ಲಿ ಇಟ್ಟ ಹೆಸರಿನ ಅಂಕಣ ಖಾಲಿಯಿದ್ದರೆ 'ಎಫ್‌ಎನ್‌ಯು' ಎಂದು ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ತಾಯಿ ಇಟ್ಟು ಕರೆದ ಹೆಸರು ಪಕ್ಕದ ಚೌಕದಲ್ಲೇ ಇರುತ್ತದೆ. ಆದರೂ ಅದು ಗೊತ್ತಿಲ್ಲದ ಹೆಸರು.

ಇದು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಅಸ್ಸಾಮಿನಲ್ಲಿ ನೋಡಿದ್ದೇವೆ. ರಹೀಂ ಅಲಿ ಎಂಬವರನ್ನು ಅಲ್ಲಿನ ನ್ಯಾಯಮಂಡಳಿ 2012ರಲ್ಲಿ ವಿದೇಶಿ ಎಂದು ಘೋಷಿಸಿತ್ತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿ ಅವರು ಭಾರತೀಯರೇ ಎಂದಿತು. ದಾಖಲೆಗಳಲ್ಲಿ ಹೆಸರಿನ ಕಾಗುಣಿತವೋ ದಿನಾಂಕವೋ ಚೂರು ಆಚೀಚೆ ಆದ ಮಾತ್ರಕ್ಕೆ ಒಬ್ಬನನ್ನು ವಿದೇಶಿ ಎನ್ನಲಾಗದು ಎಂಬುದು ಆ ತೀರ್ಪಿನ ತಿರುಳು. ಒಂದು ಅಕ್ಷರ ಸರಿಯೆನಿಸಿಕೊಳ್ಳಲು ಹನ್ನೆರಡು ವರ್ಷ ಹಿಡಿಯಿತು. ಒಂದು ಕಡೆ ನಗೆಹನಿಯಾಗಿರುವ ಕಾಗುಣಿತ ಇನ್ನೊಂದು ಕಡೆ ಪೌರತ್ವದ ಪ್ರಶ್ನೆ. ಈ ಕಿರಿಕಿರಿಯನ್ನು ಬರೀ ತಮಾಷೆಯಾಗಿ ನೋಡಬಾರದು ಎನ್ನುವುದು ಇದಕ್ಕೇ.

ಇದಕ್ಕೊಂದು ಪ್ರತಿವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕೋಟಿಗಟ್ಟಲೆ ಜನರ ಲೆಕ್ಕ ಇಡಬೇಕಾದ ಸರಕಾರಕ್ಕೆ ಒಂದು ಶಿಸ್ತು ಬೇಡವೇ? ಒಬ್ಬನೇ ನಾಲ್ಕು ಹೆಸರಿನಲ್ಲಿ ನಾಲ್ಕು ಸಲ ಸಹಾಯಧನ ಪಡೆದರೆ ಬಡವನ ಪಾಲೇ ಕಡಿಮೆಯಾಗುವುದಲ್ಲವೇ? ನಿಜ. ಆದರೆ ಅದಕ್ಕಾಗಿಯೇ ಸಂಖ್ಯೆ ಕೊಟ್ಟದ್ದು. 2010ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ ಮೊದಲ ಆಧಾರ್ ಕೊಟ್ಟಾಗ ಹೇಳಿದ್ದು, ಒಬ್ಬರಿಗೆ ಒಂದೇ ಸಂಖ್ಯೆ, ಅದರ ಹಿಂದೆ ಅವರದೇ ಬೆರಳು ಮತ್ತು ಕಣ್ಣು ಎಂದು. ಹನ್ನೆರಡು ಅಂಕಿ, ಹತ್ತು ಬೆರಳು, ಎರಡು ಕಣ್ಣು ಕೊಟ್ಟ ಮೇಲೂ ಒಂದು ಅಕ್ಷರ ಹೊಂದಿಲ್ಲವೆಂದು ಬಾಗಿಲು ಹಾಕುವುದಾದರೆ ಆ ಸಂಖ್ಯೆಯಿಂದ ಆದ ಉಪಕಾರವೇನು? ಹೋಗಲಿ, ತಿದ್ದಿಸೋಣ ಎಂದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಅವಕಾಶ. ಬರೆದುಕೊಂಡವನು ಎಷ್ಟು ಸಲ ತಪ್ಪಬಹುದು ಎಂಬುದಕ್ಕೆ ಮಿತಿಯಿಲ್ಲ.

ಕೊನೆಯ ಹೆಸರಿಲ್ಲದೆ ದೇಶ ನಡೆಯುವುದಿಲ್ಲ ಎಂಬುದೂ ಸುಳ್ಳು. ಐಸ್‌ಲ್ಯಾಂಡಿನಲ್ಲಿ ಇಂದಿಗೂ ಬಹುಪಾಲು ಜನರಿಗೆ ಮನೆತನದ ಹೆಸರಿಲ್ಲ. ಅಪ್ಪನ ಅಥವಾ ಅಮ್ಮನ ಹೆಸರಿಗೆ ಮಗ, ಮಗಳು ಎಂದು ಸೇರಿಸಿಕೊಳ್ಳುತ್ತಾರೆ. ಅಲ್ಲಿಯ ಟೆಲಿಫೋನ್ ಪುಸ್ತಕದಲ್ಲಿ ಇಟ್ಟ ಹೆಸರಿನ ಅಕಾರಾದಿಯನ್ನೇ ಅನುಸರಿಸಿದರು. ದೇಶವೇನೂ ಮುಳುಗಲಿಲ್ಲ. ಇದಕ್ಕೆ ವಿರುದ್ಧವಾಗಿ 1934ರಲ್ಲಿ ತುರ್ಕಿ ಎಲ್ಲರಿಗೂ ಸರ್‌ನೇಮ್ ಕಡ್ಡಾಯ ಮಾಡಿತು. ಇಂಡೋನೇಷ್ಯಾದಲ್ಲಿ ಸುಕರ್ನೊ, ಸುಹಾರ್ತೊ ಎಂಬ ಒಂಟಿ ಹೆಸರಿನವರೇ ರಾಷ್ಟ್ರಾಧ್ಯಕ್ಷರಾಗಿ ಆಳಿದ್ದರು. ಅದೇ ದೇಶ 2022ರಲ್ಲಿ ಹೊಸ ದಾಖಲೆಗಳಲ್ಲಿ ಹೆಸರಿಗೆ ಕನಿಷ್ಠ ಎರಡು ಪದ ಇರಬೇಕೆಂದು ನಿಯಮ ತಂದಿತು. ನಮ್ಮಲ್ಲಿ ಕಾನೂನು ಆ ಕೆಲಸ ಮಾಡಿಲ್ಲ, ಚೌಕವೇ ಸದ್ದಿಲ್ಲದೆ ಮಾಡುತ್ತಿದೆ. ಇಂದು ಮಗುವಿಗೆ ಹೆಸರಿಡುವಾಗ ತಂದೆತಾಯಿ ಮೊದಲು ಯೋಚಿಸುವುದು ಪಾಸ್‌ಪೋರ್ಟಿನ ಅಂಕಣವನ್ನು. ಇನಿಷಿಯಲ್ ಉದುರುತ್ತಿದೆ, ಅದರೊಂದಿಗೆ ಹಳ್ಳಿಯೂ ಉದುರುತ್ತಿದೆ. ಕೊಕ್ಕರೆಹೊಸಹಳ್ಳಿಯಂಥ ಊರುಗಳು ಮುಂದಿನ ಕವಿಗಳ ಹೆಸರಿನಲ್ಲಿ ಇರಲಾರವು.

ಈ ಚೌಕಗಳನ್ನು ಕಾಯುವ ಯಂತ್ರದ ಲೆಕ್ಕಾಚಾರಕ್ಕೆ ಆಲ್ಗರಿದಮ್ ಎನ್ನುತ್ತಾರೆ. ಆ ಪದ ಬಂದದ್ದು ಒಂಬತ್ತನೆಯ ಶತಮಾನದ ಬಗ್ದಾದಿನ ಗಣಿತಜ್ಞ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಜ್ಮಿಯ ಹೆಸರಿನಿಂದ. ಮುಹಮ್ಮದ್ ಆತನ ಹೆಸರು, ಮೂಸಾ ತಂದೆ, ಖ್ವಾರಿಜ್ಮ್ ಎಂಬುದು ಸೀಮೆ. ನಮ್ಮ ಇನಿಷಿಯಲ್ಲಿನ ಸರಕೇ, ಕ್ರಮ ಮಾತ್ರ ಬೇರೆ. ಲ್ಯಾಟಿನ್ ಬರೆಯುವವರು ಆ ಊರ ಹೆಸರಿನ ಕಾಗುಣಿತ ಕೆಡಿಸಿ 'ಅಲ್ಗೊರಿತ್ಮಿ' ಮಾಡಿದರು. ತಪ್ಪು ಕಾಗುಣಿತದಿಂದ ಹುಟ್ಟಿದ ಪದವೇ ಇಂದು ನಮ್ಮ ಕಾಗುಣಿತ ತಪ್ಪೆಂದು ಅರ್ಜಿ ವಾಪಸು ಕಳಿಸುತ್ತಿದೆ.

ಮಾಡಬೇಕಾದದ್ದೇನೂ ದೊಡ್ಡದಲ್ಲ. ಎಲ್ಲ ನಮೂನೆಗಳಲ್ಲೂ ಹೆಸರಿಗೆ ಒಂದೇ ಅಂಕಣ ಇರಲಿ. ಆಧಾರ್‌ನಲ್ಲಿ ಅದು ಸಾಧ್ಯವಾಗಿದೆ. ಕರ್ನಾಟಕದಲ್ಲಿ ಕನ್ನಡ ಅಕ್ಷರದಲ್ಲಿರುವ ಹೆಸರನ್ನೇ ಮೂಲವೆಂದು ಹಿಡಿಯಲಿ; ಇಂಗ್ಲಿಷ್ ರೂಪ ಅದರ ನೆರಳು ಮಾತ್ರ, ನೆರಳು ಉದ್ದ ಗಿಡ್ಡ ಆಗುವುದು ಸಹಜ. ಸಂಖ್ಯೆ, ಹುಟ್ಟಿದ ದಿನ, ಮುಖ ಹೊಂದಿದ ಮೇಲೆ ಒಂದೆರಡು ಅಕ್ಷರದ ವ್ಯತ್ಯಾಸವನ್ನು ತಾಲೂಕಿನ ಅಧಿಕಾರಿಯೇ ಒಂದು ಸಹಿಯಿಂದ ಸರಿಪಡಿಸುವಂತಿರಲಿ, ಅದಕ್ಕೆ ಶುಲ್ಕ ಬೇಡ. ಇದು ಆಗದ ಮಾತಲ್ಲ. 2025ರ ಜನವರಿಯಲ್ಲಿ ಭವಿಷ್ಯನಿಧಿ ಸಂಸ್ಥೆ, ಆಧಾರ್‌ನಿಂದ ದೃಢಪಟ್ಟ ಹೊಸ ಖಾತೆಗಳ ಸದಸ್ಯರು ಹೆಸರು ಮುಂತಾದವನ್ನು ತಾವೇ ತಿದ್ದಿಕೊಳ್ಳಲು ಅವಕಾಶ ಕೊಟ್ಟಿತು. 2017ರ ಅಕ್ಟೋಬರಿಗಿಂತ ಹಿಂದಿನ ಖಾತೆಯವರಿಗೆ ಮಾತ್ರ ಆ ಸುಲಭ ದಾರಿ ಇರಲಿಲ್ಲ. ಮೂವತ್ತು ವರ್ಷ ಬೀಡಿ ಕಟ್ಟಿದವರು ಬರುವುದು ಆ ಹಳಬರ ಸಾಲಿನಲ್ಲೇ.