ಗ್ರಂಥದ ನ್ಯಾಶರೂ ಚಿತ್ರದ ನ್ಯಾಶರೂ

ಗಣಿತಶಾಸ್ತ್ರಜ್ಞರಾದ ಜಾನ್ ನ್ಯಾಶರ ಜೀವಚರಿತ್ರೆಯನ್ನು ಸಿಲ್ವಿಯಾ ನಾಸರ್ ಎಂಬ ಲೇಖಕಿಯು 1998ರಲ್ಲಿ ‘ಎ ಬ್ಯೂಟಿಫುಲ್ ಮೈಂಡ್’ ಎಂಬ ಹೆಸರಿನಿಂದ ಪ್ರಕಟಿಸಿದರು. ಅದೇ ಹೆಸರಿನ ಚಲಚ್ಚಿತ್ರವು 2001ರಲ್ಲಿ ಬಂದಿತು. ಚಿತ್ರವನ್ನು ನೋಡಿದವರು ಬಹುಮಂದಿ. ಗ್ರಂಥವನ್ನು ಓದಿದವರು ವಿರಳ. ಸ್ಕಿಜೋಫ್ರೇನಿಯಾ ಎಂಬ ಚಿತ್ತರೋಗದಿಂದ ಮನುಷ್ಯನು ಚೇತರಿಸಿಕೊಳ್ಳುವ ಬಗೆ ಎಂತಹುದೆಂಬ ವಿಷಯದಲ್ಲಿ ಇವೆರಡಕ್ಕೂ ಇರುವ ಅಂತರವು ಅಲ್ಪವಾದುದಲ್ಲ.

ಚಿತ್ರದಲ್ಲಿ ರೋಗವು ಕಣ್ಣಿಗೆ ಕಾಣುವ ವ್ಯಕ್ತಿಗಳ ರೂಪದಿಂದ ಬರುವುದು. ಇಲ್ಲದ ಗೆಳೆಯನೊಬ್ಬನು, ಇಲ್ಲದ ಗೂಢಚಾರನೊಬ್ಬನು ನಾಯಕನೊಡನೆ ಮಾತನಾಡುವರು. ನಿಜವಾದ ನ್ಯಾಶರನ್ನು ಕಾಡಿದುವು ಭ್ರಾಂತಿಯ ನಂಬಿಕೆಗಳು, ಆಮೇಲೆ ಕಿವಿಗೆ ಕೇಳುತ್ತಿದ್ದ ಧ್ವನಿಗಳು. ಇಷ್ಟು ಸ್ವಾತಂತ್ರ್ಯವನ್ನು ಕಲೆಗೆ ಕೊಡಬಹುದು. ಕಾಳಿದಾಸನೂ ಭಾರತದ ಶಕುಂತಲೆಯನ್ನು ಇದ್ದಂತೆಯೇ ಬಿಡಲಿಲ್ಲವಷ್ಟೆ. ಆದರೆ ಮತ್ತೊಂದು ಮಾರ್ಪಾಟನ್ನು ನಾವು ಒಪ್ಪಲಾರೆವು. 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕದ ಪ್ರಸ್ತಾಪ ಬಂದಾಗ ಚಿತ್ರದ ನ್ಯಾಶರು ತಾವು ಹೊಸ ಔಷಧಗಳನ್ನು ಸೇವಿಸುತ್ತಿರುವುದಾಗಿ ಹೇಳುವರು. ನಿಜವಾಗಿ 1970ರ ಬಳಿಕ ಅವರು ಈ ರೋಗಕ್ಕಾಗಿ ಔಷಧವನ್ನು ಮುಟ್ಟಿರಲಿಲ್ಲ. ಚಿತ್ರವನ್ನು ನೋಡಿದ ರೋಗಿಗಳು ಮದ್ದನ್ನು ಬಿಟ್ಟಾರೆಂಬ ಅಂಜಿಕೆಯಿಂದ ಹೀಗೆ ಮಾಡಿದರೆಂದು ಹೇಳುವುದುಂಟು. ಅಂಜಿಕೆಯೇನೋ ನ್ಯಾಯವಾದುದೇ, ಮದ್ದನ್ನು ಬಿಟ್ಟು ಮತ್ತೆ ರೋಗಕ್ಕೆ ಬೀಳುವವರು ಬಹುಮಂದಿ, ನ್ಯಾಶರ ದಾರಿ ಎಲ್ಲರ ದಾರಿಯಲ್ಲ. ಆದರೂ ಬದುಕಿದ್ದ ಮನುಷ್ಯನ ಬಾಯಲ್ಲಿ ಸುಳ್ಳನ್ನಿರಿಸದೆ ಈ ಎಚ್ಚರಿಕೆಯನ್ನು ಕೊಡಬಹುದಾಗಿತ್ತು.

ಗ್ರಂಥದ ಹೆಚ್ಚಳವಿರುವುದು ಏನೂ ಜರುಗದ ಅಧ್ಯಾಯಗಳಲ್ಲಿ. 1959ರಲ್ಲಿ ರೋಗವು ಪ್ರಕಟವಾಯಿತು. 1961ರಲ್ಲಿ ಟ್ರೆಂಟನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ನಿನಿಂದ ಮೂರ್ಛೆ ಬರಿಸುವ ಘೋರ ಚಿಕಿತ್ಸೆ ನಡೆಯಿತು. 1963ರಲ್ಲಿ ಪತ್ನಿ ಅಲಿಷಿಯಾ ವಿಚ್ಛೇದನ ಪಡೆದರು. ಚಿತ್ರವು ಈ ವಿಚ್ಛೇದನವನ್ನು ನುಂಗಿಬಿಟ್ಟಿದೆ. ಅದರೊಡನೆ, 1970ರಲ್ಲಿ ಆಕೆಯು ಯಾವ ಕಟ್ಟೂ ಇಲ್ಲದೆ ಅವರನ್ನು ಮನೆಗೆ ಕರೆತಂದು ಇರಿಸಿಕೊಂಡುದರ ಮಹತ್ತ್ವವೂ ಕಳೆದುಹೋಯಿತು. ಅನಂತರದ ವರ್ಷಗಳಲ್ಲಿ ನ್ಯಾಶರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸುಮ್ಮನೆ ಅಲೆದರು. ಕರಿಹಲಗೆಗಳ ಮೇಲೆ ಯಾರಿಗೂ ಅರ್ಥವಾಗದ ಲೆಕ್ಕಗಳನ್ನು ಬರೆದರು. ವಿದ್ಯಾರ್ಥಿಗಳು ಅವರಿಗೆ ಭೂತವೆಂದು ಹೆಸರಿಟ್ಟರು. ಹೆಸರಿಟ್ಟರೇ ಹೊರತು ಹೊರಗಟ್ಟಲಿಲ್ಲ. ಹಗಲು ಕುಳಿತುಕೊಳ್ಳಲು ಪುಸ್ತಕಭಂಡಾರವಿತ್ತು, ರಾತ್ರಿ ಹಿಂತಿರುಗಲು ಮನೆಯಿತ್ತು. ಭ್ರಾಂತಿಯ ಯೋಚನೆಗಳನ್ನು ತಾವೇ ಗುರುತಿಸಿ ತಳ್ಳಿಹಾಕುವುದನ್ನು ಮೆಲ್ಲಮೆಲ್ಲನೆ ಕಲಿತುದಾಗಿ ನ್ಯಾಶರೇ ಬರೆದಿರುವರು. ಇಂತಹ ದಿನ ಗುಣವಾಯಿತೆಂದು ಲೇಖಕಿಯು ಎಲ್ಲಿಯೂ ಬೆರಳಿಟ್ಟು ತೋರಿಸುವುದಿಲ್ಲ. ಆ ಸಂಯಮವೇ ನಮಗೆ ಮೆಚ್ಚುಗೆಯಾಯಿತು.

ಗ್ರಂಥವು ಕೆಲವೆಡೆ ದೀರ್ಘವಾಗಿದೆ. ಸಹೋದ್ಯೋಗಿಗಳಾದ ಗಣಿತಜ್ಞರ ಪರಿಚಯಗಳು ಓದುಗರನ್ನು ದಣಿಸುವುವು. ಚಿತ್ರಕ್ಕೆ ಈ ದೋಷವಿಲ್ಲ. ಅದು ಪಾರಿತೋಷಕ ಸಮಾರಂಭದ ಭಾಷಣದೊಡನೆ ಕೊನೆಗಾಣುವುದು. ಅಂತಹ ಭಾಷಣವನ್ನು ನ್ಯಾಶರು ಮಾಡಲೇ ಇಲ್ಲ. ಚಿತ್ರವು ಹೊರಬಂದ ವರ್ಷದಲ್ಲಿಯೇ ಅವರೂ ಅಲಿಷಿಯಾ ಅವರೂ ಎರಡನೆಯ ಸಲ ವಿವಾಹವಾದರು.