ಒಂದು ಮನೆಗೆ ಎರಡು ಮಾಡು

ಮಂಗಳೂರಿನಿಂದ ಪುತ್ತೂರಿನ ಕಡೆಗೆ ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ಬಂದರೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರುವುದಿಲ್ಲ. ಕಳೆದ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಎದ್ದ ತಾರಸಿ ಮನೆಗಳಲ್ಲಿ ಎಷ್ಟೋ ಮನೆಗಳ ನೆತ್ತಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹೊದೆಸಿದ್ದಾರೆ. ಕೆಲವು ನೀಲಿ, ಕೆಲವು ಹಂಚಿನ ಬಣ್ಣದವು. ಕೆಳಗೆ ಲಕ್ಷಾಂತರ ರೂಪಾಯಿ ನುಂಗಿದ ಕಾಂಕ್ರೀಟ್ ಸ್ಲ್ಯಾಬ್, ಅದನ್ನು ಮಳೆಯಿಂದಲೂ ಬಿಸಿಲಿನಿಂದಲೂ ಕಾಯುವುದಕ್ಕೆ ಮೇಲೆ ಇನ್ನೊಂದು ಮಾಡು. ಮನೆಯನ್ನು ಕಾಯಬೇಕಾದ ಮಾಡನ್ನೇ ನಾವು ಕಾಯಬೇಕಾಗಿ ಬಂದಿದೆ ಎಂದರೆ ಕಟ್ಟುವ ಕ್ರಮದಲ್ಲೇ ಎಲ್ಲೋ ತಪ್ಪಿದೆ. ಹೊರಗೆ ನಿಂತು ಹೇಳುವ ಮಾತಲ್ಲ ಇದು. 2011ರಲ್ಲಿ ನಾವೂ ಅಂಥದೇ ಮನೆ ಕಟ್ಟಿದೆವು, 2015ರಲ್ಲಿ ಶೀಟು ಹಾಕಿಸಿದೆವು.

ಅಜ್ಜ ಕಟ್ಟಿಸಿದ ಹಂಚಿನ ಮನೆಯನ್ನು ಕೆಡವಿದ್ದಕ್ಕೆ ನಮಗೆ ಕಾರಣಗಳಿದ್ದವು, ಅವು ಸುಳ್ಳು ಕಾರಣಗಳೂ ಅಲ್ಲ. ಪಕ್ಕಾಸುಗಳಿಗೆ ಗೆದ್ದಲು ಹಿಡಿದಿತ್ತು. ಮಂಗಗಳ ಹಿಂಡು ವಾರಕ್ಕೊಮ್ಮೆ ಮಾಡಿನ ಮೇಲೆ ಓಡಿ ಹಂಚು ಒಡೆಯುತ್ತಿತ್ತು. ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಯ ಮೊದಲು ಮೇಲೆ ಹತ್ತಿ ಒಡೆದ ಹಂಚು ಬದಲಿಸುವ ಕೆಲಸಕ್ಕೆ ಜನ ಸಿಗುವುದು ಕಷ್ಟವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅಡುಗೆಕೋಣೆ. ಆ ಹೊಗೆ, ಆ ಕತ್ತಲೆಯಲ್ಲಿ ಅಮ್ಮ ಮೂವತ್ತು ವರ್ಷ ಕೆಮ್ಮಿಕೊಂಡು ಅಡುಗೆ ಮಾಡಿದ್ದರು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ ಹಳೆಯ ಮನೆಗಳ ಒಳಗೆ ಕಾಲಿಟ್ಟಾಗ ಆಗುವ ತಂಪು ನಿಜವಾದದ್ದು, ಅಲ್ಲಿಂದ ಬೇಗ ಹೊರಡಲು ಮನಸ್ಸು ಬರುವುದಿಲ್ಲ. ಆದರೆ ಅಂಥ ಮನೆಗಳಲ್ಲಿ ಒಲೆ ಊದಿದವರ ಕಣ್ಣನ್ನು ಮರೆತು ಹಳೆಯದನ್ನು ಹೊಗಳುವುದು ನ್ಯಾಯವಲ್ಲ. ನಮ್ಮ ತಪ್ಪು ಬೇರೆ ಕಡೆ ಇತ್ತು. ಅಡುಗೆಕೋಣೆಯ ಕತ್ತಲೆಯನ್ನು ಹೊರಗೆ ಹಾಕುವಾಗ ಮಾಡಿನ ವಿದ್ಯೆಯನ್ನೂ ಅದರ ಜೊತೆಗೆ ಹೊರಗೆ ಹಾಕಿದೆವು.

ಆ ವಿದ್ಯೆ ಏನೆಂದು ನನಗೆ ಗೊತ್ತಾದದ್ದು ದನದ ಹಟ್ಟಿಯಲ್ಲಿ. ಹಳೆ ಮನೆಯ ಒಳ್ಳೆಯ ಹಂಚುಗಳನ್ನು ಇಳಿಸಿ ಹಟ್ಟಿಗೆ ಹೊದೆಸಿದ್ದೆವು. ಒಂದೊಂದು ಹಂಚಿನ ಅಡಿಯಲ್ಲೂ ಮಂಗಳೂರಿನ ಕಾರ್ಖಾನೆಯ ಅಚ್ಚು ಇದೆ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಂಡೆಯ ಜೇಡಿಯಿಂದ ಮಾಡತೊಡಗಿದ, ಒಂದರ ಅಂಚು ಇನ್ನೊಂದರಲ್ಲಿ ಸಿಕ್ಕಿ ಕೂರುವ ಹಂಚು ಅದು. ಜೋಡಣೆಯ ಸಂದಿಗಳಲ್ಲಿ ಗಾಳಿ ಆಡುತ್ತದೆ. ಮೇಲಕ್ಕೇರಿದ ಬಿಸಿ ಗಾಳಿ ಆ ಸಂದಿಗಳಿಂದಲೇ ಹೊರಗೆ ಹೋಗುತ್ತದೆ. ತೆಳ್ಳಗಿನ ಹಂಚು ಹಗಲಲ್ಲಿ ಬೇಗ ಕಾಯುತ್ತದೆ, ಸಂಜೆಗೆ ಬೇಗ ಆರುತ್ತದೆ. ಇಳಿಜಾರು ಕಡಿದಾಗಿರುವುದರಿಂದ ನೀರಿಗೆ ನಿಲ್ಲಲು ಪುರುಸೊತ್ತೇ ಇಲ್ಲ. ನಮ್ಮ ಜಾಗದಲ್ಲಿ ಜುಲೈ ತಿಂಗಳಲ್ಲಿ ಅತಿ ಒಣಗಿದ ಕಟ್ಟಡ ಯಾವುದೆಂದು ಯಾರಾದರೂ ಕೇಳಿದರೆ ನಾನು ಹಟ್ಟಿಯನ್ನು ತೋರಿಸುತ್ತೇನೆ.

ಸ್ಲ್ಯಾಬಿನ ಗುಣ ಇದಕ್ಕೆ ಪೂರ್ತಿ ವಿರುದ್ಧ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಸೂರ್ಯ ನೆತ್ತಿಗೆ ನೇರವಾಗಿ ನಿಲ್ಲುತ್ತಾನೆ, ಆಗ ಗೋಡೆಗಳಿಗಿಂತ ಎಷ್ಟೋ ಪಾಲು ಹೆಚ್ಚು ಬಿಸಿಲು ತಿನ್ನುವುದು ಮಾಡು. ಐದು ಇಂಚಿನ ಕಾಂಕ್ರೀಟ್ ಆ ಬಿಸಿಲನ್ನು ನಿಧಾನವಾಗಿ ಕುಡಿಯುತ್ತದೆ, ನಿಧಾನವಾಗಿಯೇ ಕಾರುತ್ತದೆ. ಗೃಹಪ್ರವೇಶವಾದ ಮೊದಲ ಬೇಸಗೆಯಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ ಅಟ್ಟದ ಮೇಲಿನ ಸಾಮಾನು ತೆಗೆಯಲು ಸ್ಟೂಲು ಹತ್ತಿದವನು ಸುಮ್ಮನೆ ಅಂಗೈಯನ್ನು ಸ್ಲ್ಯಾಬಿನ ಅಡಿಗೆ ಒತ್ತಿದೆ. ಆಗಷ್ಟೇ ಇಳಿಸಿದ ದೋಸೆ ಕಾವಲಿಯ ಹಿಡಿಯಷ್ಟು ಬೆಚ್ಚಗಿತ್ತು. ಹೊರಗೆ ಅಂಗಳದಲ್ಲಿ ತಂಗಾಳಿ ಬೀಸುತ್ತಿತ್ತು; ಒಳಗೆ ಫ್ಯಾನು ಆ ಬಿಸಿಯನ್ನೇ ಕೆಳಕ್ಕೆ ದೂಡುತ್ತಿತ್ತು. ಮಕ್ಕಳು ಚಾಪೆ ಎತ್ತಿಕೊಂಡು ಸಿಟ್‌ಔಟಿಗೆ ಬಂದು ಮಲಗಿದರು.

ಚಪ್ಪಟೆ ಮಾಡು ಕೆಟ್ಟದ್ದೆಂದು ಹೇಳುವುದಲ್ಲ. ಕಲಬುರಗಿ, ವಿಜಯಪುರದ ಕಡೆಯ ಮಣ್ಣಿನ ಮಾಳಿಗೆ ಮನೆಗಳು ಆ ಹವೆಗೆ ಸರಿಯಾಗಿ ಹೊಂದುತ್ತವೆ. ಅಲ್ಲಿ ಮಳೆ ಕಡಿಮೆ, ಗಾಳಿ ಒಣ. ಬೇಸಗೆಯ ಹಗಲು ಬೆಂಕಿಯಾದರೂ ಇರುಳು ಹೊತ್ತಿಗೆ ತಣಿಯುತ್ತದೆ, ದಪ್ಪ ಗೋಡೆ ಮತ್ತು ದಪ್ಪ ಮಾಳಿಗೆ ಹಗಲಿನ ಕಾವನ್ನು ತಡೆದು ನಿಲ್ಲಿಸುತ್ತವೆ, ರಾತ್ರಿ ಮಾಳಿಗೆಯ ಮೇಲೆ ಮಲಗಲೂಬಹುದು. ನಮ್ಮ ಕರಾವಳಿಯಲ್ಲಿ ಹಗಲಿಗೂ ಇರುಳಿಗೂ ಸೆಕೆಯಲ್ಲಿ ಅಷ್ಟು ಅಂತರ ಇಲ್ಲ, ಬೆವರು ಆರದಷ್ಟು ತೇವ ಗಾಳಿಯಲ್ಲೇ ಇದೆ. ಇಲ್ಲಿ ಸುಖ ಕೊಡುವುದು ಎರಡೇ, ನೆರಳು ಮತ್ತು ಓಡಾಡುವ ಗಾಳಿ. ಬಯಲುಸೀಮೆಯ ಮಾಡನ್ನು ತಂದು 4000 ಮಿಲಿಮೀಟರ್ ಮಳೆಯ ಅಡಿಯಲ್ಲಿ ಇಟ್ಟೆವು.

ಆ 4000 ಮಿಲಿಮೀಟರನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನಮ್ಮ ತಾರಸಿ 1200 ಚದರಡಿ. ಅದರ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 4.5 ಲಕ್ಷ ಲೀಟರ್, ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ ಹರಿದು ನಾಲ್ಕು ಪೈಪುಗಳ ಬಾಯಿ ಹುಡುಕಿಕೊಂಡು ಹೋಗಬೇಕು. ಎರಡನೇ ಮಳೆಗಾಲದಲ್ಲಿ ಪಕ್ಕದ ಹಲಸಿನ ಮರದ ನಾಲ್ಕು ಎಲೆ ಒಂದು ಬಾಯಿಗೆ ಅಡ್ಡ ಕೂತವು. ರಾತ್ರಿಯಿಡೀ ನೀರು ಗಿಡ್ಡಗೋಡೆಯ ಒಳಗೆ ಕೆರೆಯಂತೆ ನಿಂತಿತು. ಬೆಳಗ್ಗೆ ಮಕ್ಕಳ ಕೋಣೆಯ ಮೂಲೆಯಲ್ಲಿ ಸ್ಲ್ಯಾಬಿನ ಅಡಿ ಕಪ್ಪಗೆ ಒದ್ದೆಯಾಗಿತ್ತು. ವಾಟರ್‌ಪ್ರೂಫಿಂಗ್ ಮಾಡಿಸಿದೆವು, ಎರಡು ವರ್ಷ ನಿಂತು ಮತ್ತೆ ಬಿರಿಯಿತು. ಹಗಲು ಹಿಗ್ಗಿ, ಮಳೆ ಬಿದ್ದ ಗಳಿಗೆಯಲ್ಲಿ ಕುಗ್ಗುವ ಸ್ಲ್ಯಾಬಿನ ಮೇಲೆ ಯಾವ ಲೇಪವೂ ತುಂಬ ಕಾಲ ತಾಳುವುದಿಲ್ಲ. ಬಿರುಕಿನೊಳಗೆ ಇಳಿದ ನೀರು ಸರಳಿಗೆ ಮುಟ್ಟಿದರೆ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟ್ ಸಿಪ್ಪೆಯ ಹಾಗೆ ಎದ್ದು ಬೀಳುತ್ತದೆ. ನಮ್ಮಲ್ಲಿ ಅಲ್ಲಿಯವರೆಗೆ ಹೋಗಲಿಲ್ಲ. ಹೋಗುವ ಮೊದಲು ಶೀಟು ಬಂತು.

ಗೋಡೆಯ ಕತೆ ಇನ್ನೂ ನೋವಿನದು, ಯಾಕೆಂದರೆ ಅದನ್ನು ತಪ್ಪಿಸಲು ದೊಡ್ಡ ಖರ್ಚೇನೂ ಬೇಕಿರಲಿಲ್ಲ. ನಕ್ಷೆಯಲ್ಲಿ ಪಶ್ಚಿಮದ ಎರಡು ಕಿಟಕಿಗಳಿಗೆ ಸಜ್ಜಾವೇ ಇರಲಿಲ್ಲ. ಮುಂಭಾಗದ ಎಲಿವೇಶನ್ ನೀಟಾಗಿ ಕಾಣಬೇಕೆಂದು ಪೆಟ್ಟಿಗೆಯಂಥ ಚೌಕಟ್ಟು ಬರೆದಿದ್ದರು. ನಮ್ಮ ಮೇಸ್ತ್ರಿ ಹಳಬ. ನಕ್ಷೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ಅಣ್ಣ, ನೋಡ್ಲಿಕ್ಕೆ ಚಂದ ಉಂಟು. ಆದ್ರೆ ಆ ಬದಿಯ ಗೋಡೆ ಮಳೆಗಾಲ ಪೂರಾ ನೀರು ಕುಡೀತದೆ" ಎಂದರು. ನಾನು ಕೇಳಲಿಲ್ಲ. ನಮ್ಮಲ್ಲಿ ಮುಂಗಾರಿನ ಗಾಳಿ ನೈರುತ್ಯ, ಪಶ್ಚಿಮಗಳಿಂದ ಬರುತ್ತದೆ, ಮಳೆ ನೇರ ಬೀಳದೆ ಓರೆಯಾಗಿ ಗೋಡೆಗೆ ಎರಚುತ್ತದೆ. ಏಪ್ರಿಲ್‌ನ ಸಂಜೆ ಬಿಸಿಲು ಬಡಿಯುವುದೂ ಅದೇ ಗೋಡೆಗೆ. ಮನೆಯ ನಾಲ್ಕು ಮೈಗಳಲ್ಲಿ ಅತಿ ಹೆಚ್ಚು ಏಟು ತಿನ್ನುವ ಮೈಗೆ ನಾವು ಒಂದು ಟೊಪ್ಪಿಯನ್ನೂ ಕೊಡಲಿಲ್ಲ.

ಗೋಡೆ ಕೆಂಪುಕಲ್ಲಿನದೇ. 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ; ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥದ ಶಬ್ದದಿಂದ ಬಂದ ಹೆಸರು. ಕೋರೆಯಲ್ಲಿ ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಮೈತುಂಬ ತೂತು ಇರುವುದರಿಂದ ನೀರು ಹೀರುತ್ತದೆ, ಬಿಟ್ಟರೆ ಆರಿಸಿಕೊಳ್ಳುತ್ತದೆ ಕೂಡ. ಅದಕ್ಕೆ ನಾಲ್ಕಡಿ ಸೂರಿನ ರಕ್ಷೆ ಕೊಟ್ಟಿದ್ದರು ಹಳಬರು. ನಾವು ಸೂರು ತೆಗೆದೆವು, ಎರಡೂ ಬದಿ ಸಿಮೆಂಟಿನ ಸಾರಣೆ ಮಾಡಿ ಮೇಲೆ ರಬ್ಬರಿನಂಥ ಬಣ್ಣ ಬಳಿದೆವು. ಕೂದಲೆಳೆ ಬಿರುಕಿನಲ್ಲಿ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಅದು ಒಳಮೈಗೆ ಬಂತು. ಒಂದು ಆಗಸ್ಟಿನಲ್ಲಿ ಅಮ್ಮ ಗೋಡ್ರೆಜ್ ಕಪಾಟು ತೆರೆದು ತಮ್ಮ ಮದುವೆಯ ಸೀರೆ ಹೊರತೆಗೆದರು. ಮಡಿಕೆಯುದ್ದಕ್ಕೂ ಬೂದಿ ಬಣ್ಣದ ಬೂಷ್ಟು. ಅವರು ಏನೂ ಮಾತಾಡಲಿಲ್ಲ, ಬಿಸಿಲಿಲ್ಲದ ಆ ದಿನ ಅದನ್ನು ಒಲೆಯ ಬಳಿ ಹಗ್ಗ ಕಟ್ಟಿ ಹರವಿದರು. ಕಪಾಟಿನ ಹಿಂದಿನ ಗೋಡೆಗೆ ಕೈ ಇಟ್ಟರೆ ತಣ್ಣಗೆ ಅಂಟುತ್ತಿತ್ತು.

ಕಿಟಕಿ ತೆರೆದಿಟ್ಟರೆ ಆರುತ್ತಿತ್ತಲ್ಲ ಎನ್ನಬಹುದು. ಸಜ್ಜಾ ಇಲ್ಲದ ಕಿಟಕಿಯನ್ನು ಮಳೆಗಾಲದಲ್ಲಿ ತೆರೆಯುವಂತಿಲ್ಲ. ತೆರೆದರೂ ಸರಿಯುವ ಅಲ್ಯೂಮಿನಿಯಂ ಕಿಟಕಿ ಅರ್ಧವೇ ತೆರೆಯುತ್ತದೆ. ಬಾಗಿಲ ಮೇಲಿನ ವೆಂಟಿಲೇಟರುಗಳು ಹಳೆಯ ಕಾಲದವೆಂದು ನಾವೇ ಬೇಡವೆಂದಿದ್ದೆವು. ಮುಚ್ಚಿದ ಮನೆ, ಒದ್ದೆ ಗೋಡೆ, ನಾಲ್ಕು ತಿಂಗಳು.

ಇದಕ್ಕೆಲ್ಲ ಇಂಜಿನಿಯರರನ್ನು ದೂರಿ ಕೈ ತೊಳೆದುಕೊಳ್ಳಲಾರೆ. ನಾವು ಮನೆಯನ್ನು ಅಳೆಯುವ ರೀತಿಯಲ್ಲೇ ತಪ್ಪಿದೆ. ಕರಾರು ಚದರಡಿಗೆ ಇಷ್ಟು ಎಂದು ಆಗುತ್ತದೆ. ಆ ಲೆಕ್ಕದಲ್ಲಿ ಬೆಡ್‌ರೂಮಿನ ಒಂದೊಂದು ಅಡಿಗೂ ಬೆಲೆ ಇದೆ, ಸೂರು ಮಾತ್ರ ಸುಮ್ಮನೆ ಹೊರಗೆ ಚಾಚಿದ ಖರ್ಚು, ಜಗಲಿ ಅಂದರೆ ಕೋಣೆಯಾಗದೆ ಉಳಿದ ಜಾಗ. ಮನೆಯ ಉದ್ದಕ್ಕೂ ಇದ್ದ ಜಗಲಿ ಆರಡಿ ಎಂಟಡಿಯ ಸಿಟ್‌ಔಟ್ ಆದದ್ದು ಹೀಗೆ. ಹಳೆ ಜಗಲಿ ಕೂರುವ ಜಾಗ ಮಾತ್ರ ಆಗಿರಲಿಲ್ಲ. ಗೋಡೆಗೆ ಬಿಸಿಲು ಮಳೆ ಮುಟ್ಟದ ಹಾಗೆ ದೂರದಲ್ಲೇ ತಡೆಯುತ್ತಿತ್ತು. ಅದರ ಬೆಲೆಯನ್ನು ಬಣ್ಣದ ಖರ್ಚಿನಲ್ಲಿ, ಕರೆಂಟು ಬಿಲ್ಲಿನಲ್ಲಿ ಈಗ ವರ್ಷ ವರ್ಷ ಕಟ್ಟುತ್ತಿದ್ದೇವೆ.

ಇನ್ನು ಶೀಟಿನ ಮಾತು. ಅದನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ ಎನ್ನುವ ವಾಸ್ತುಶಿಲ್ಪಿಗಳಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಶೀಟು ಬಂದ ಮೊದಲ ಬೇಸಗೆಯಲ್ಲೇ ಸ್ಲ್ಯಾಬಿನ ಅಡಿ ಕೈ ಇಟ್ಟು ನೋಡಿದೆ, ರಾತ್ರಿ ಅದು ಗೋಡೆಯಷ್ಟೇ ಇತ್ತು. ನೆರಳು ಮೇಲೆ, ನಡುವೆ ಎಂಟಡಿ ಗಾಳಿ, ಅದರ ಕೆಳಗೆ ಮನೆ. ಉಷ್ಣ ಪ್ರದೇಶದ ಮನೆಗೆ ಇದಕ್ಕಿಂತ ಒಳ್ಳೆಯ ಸೂತ್ರ ಇಲ್ಲ, ಅದನ್ನು ನಮ್ಮ ಜನ ಯಾವ ಕಾಲೇಜಿಗೂ ಹೋಗದೆ ಕಂಡುಕೊಂಡಿದ್ದಾರೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದು ಅಲ್ಲೇ. ಅಡಿಕೆ ಸುಲಿಯುವುದು, ತೆಂಗಿನಕಾಯಿ ರಾಶಿ ಹಾಕುವುದು, ಮಕ್ಕಳ ಆಟ, ನೆಂಟರ ಊಟದ ಪಂಕ್ತಿ ಎಲ್ಲವೂ ಅಲ್ಲೇ. ನಕ್ಷೆಯಲ್ಲಿ ಬರೆಯದ ಆ ಜಾಗವೇ ನಮ್ಮ ಮನೆಯ ಅತಿ ಉಪಯೋಗದ ಕೋಣೆಯಾಗಿದೆ. ಆದರೆ ಅಡಿಕೆ ಒಣಗಿಸಲೆಂದೇ ತಾರಸಿ ಬೇಕೆಂದು ನಾನು ಹಟ ಹಿಡಿದದ್ದು. ಶೀಟಿನ ನೆರಳಿನಲ್ಲಿ ಅದು ಒಣಗುವುದಿಲ್ಲ, ಅದೀಗ ಮತ್ತೆ ಅಂಗಳಕ್ಕೆ ಇಳಿದಿದೆ. ಜೋರು ಮಳೆಯಲ್ಲಿ ಮೇಲಿನ ಸದ್ದಿಗೆ ಮಹಡಿಯಲ್ಲಿ ನಿಂತವರ ಮಾತು ಪಕ್ಕದವರಿಗೆ ಕೇಳುವುದಿಲ್ಲ. ಮತ್ತು ಹಣ ಎರಡು ಸಲ ಹೋಗಿದೆ. ಮೊದಲೇ ಎರಡೂ ಸೇರಿ ಒಂದೇ ಮಾಡು ಎಂದು ಯೋಚಿಸಿದ್ದರೆ ಕೆಳಗಿನದನ್ನು ಹಗುರಾಗಿ, ಮೇಲಿನದನ್ನು ಹಂಚಿನಲ್ಲಿ, ಸೂರನ್ನು ಅಗಲವಾಗಿ ಕಟ್ಟಬಹುದಿತ್ತು.

ದಾರಿ ತೋರಿಸಿದವರು ದೂರದಲ್ಲೂ ಇರಲಿಲ್ಲ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಹಳೆಯ ಮಂಗಳೂರು ಹಂಚುಗಳನ್ನೇ ಸ್ಲ್ಯಾಬಿನ ಅಡಿಭಾಗದಲ್ಲಿ ಸರಳುಗಳ ನಡುವೆ ಇಟ್ಟು ಕಾಂಕ್ರೀಟ್ ಎರಕ ಹೊಯ್ಯುತ್ತಿದ್ದರು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಸರಳು ಮಾತ್ರ, ಅಲ್ಲಿಯ ಕಾಂಕ್ರೀಟ್ ಬರೇ ಭಾರ. ಆ ಜಾಗಕ್ಕೆ ಹಂಚು ಕೂತರೆ ಸಿಮೆಂಟೂ ಉಳಿಯುತ್ತದೆ, ಕಾವೂ ಕಡಿಮೆ ಇಳಿಯುತ್ತದೆ. ಅವರ ಇಟ್ಟಿಗೆಯ ಜಾಲಿ ಗೋಡೆಗಳನ್ನು ಮಾತ್ರ ನಾನು ಕಣ್ಣುಮುಚ್ಚಿ ಒಪ್ಪಲಾರೆ. ಮೂಡು, ಬಡಗು ದಿಕ್ಕಿಗೆ ಅವು ಚಂದ, ನಮ್ಮ ಪಡುಗೋಡೆಯಲ್ಲಿ ಇಟ್ಟರೆ ಜುಲೈಯಲ್ಲಿ ಮಳೆ ನಡುಮನೆಗೇ ಬರುತ್ತದೆ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅಲೆಅಲೆಯಾದ ಸಿಮೆಂಟು ಶೀಟಿನ ಮೇಲೆ ಮಣ್ಣಿನ ಹಂಚು ಹೊದೆಸಿದರು. ನೀರು ತಡೆಯುವುದು ಶೀಟು, ಬಿಸಿಲು ತಡೆಯುವುದು ಹಂಚು, ಒಂದು ಹಂಚು ಒಡೆದರೂ ಒಳಗೆ ಸೋರುವುದಿಲ್ಲ. ಮಂಗಗಳ ಕಾಟಕ್ಕೆ ಅಮ್ಮ ಬೇಡಿಕೊಂಡದ್ದು ಇಂಥದೇ ಪರಿಹಾರವನ್ನು. ಶೀಟು ಮತ್ತು ಹಂಚು ಎರಡೂ ನಮ್ಮ ಅಂಗಳದಲ್ಲೇ ಇದ್ದವು, ಒಂದರ ಮೇಲೊಂದು ಇಡಬಹುದೆಂದು ಹೊಳೆಯಲಿಲ್ಲ.

ಕಳೆದ ಮಾರ್ಚಿನಲ್ಲಿ ತಂಗಿ ತನ್ನ ಹೊಸ ಮನೆಯ ನಕ್ಷೆ ತಂದು ಮೇಜಿನ ಮೇಲೆ ಹರವಿದಳು. ಬೆಡ್‌ರೂಮು ಎಷ್ಟು, ದೇವರ ಕೋಣೆ ಎಲ್ಲಿ ಎಂದು ಎಲ್ಲರೂ ನೋಡುತ್ತಿರುವಾಗ ಅಮ್ಮ ಕನ್ನಡಕ ಸರಿಮಾಡಿಕೊಂಡು, "ಪಡುಬದಿಗೆ ಸೂರು ಎಷ್ಟುಂಟು?" ಎಂದು ಕೇಳಿದರು. ತಂಗಿ ಬೆರಳಿಟ್ಟು ಹುಡುಕಿ, "ಒಂದೂವರೆ ಅಡಿ ಅಮ್ಮ" ಎಂದಳು. ಅಮ್ಮ ಎದ್ದು ನನ್ನ ಟೇಪು ತೆಗೆದುಕೊಂಡು ಹಟ್ಟಿಯ ಕಡೆ ನಡೆದರು, ನಾವೂ ಹಿಂದೆ ಹೋದೆವು. ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿಯಲು ತಂಗಿಗೆ ಹೇಳಿ, ಇನ್ನೊಂದು ತುದಿಯನ್ನು ಕೊನೆಯ ಹಂಚಿನ ನೇರಕ್ಕೆ ಎಳೆದರು. ಮೂರೂಮುಕ್ಕಾಲು ಅಡಿ. ತಂಗಿ ನಕ್ಷೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು.