‘ಎಕ್ಲೇಸಿಯ’: ಧಾತುವಿನಿಂದ ಹೊರಟ ಒಂದು ಪ್ರಸಂಗದ ವಿಮರ್ಶೆ

ಸಭೆಯನ್ನು ಕುರಿತು ಪ್ರಸಂಗಿಸುವವರಲ್ಲಿ ಅನೇಕರು ಒಂದೇ ಮಾತಿನಿಂದ ಆರಂಭಿಸುವುದುಂಟು: ಗ್ರೀಕಿನಲ್ಲಿ ‘ಎಕ್’ ಎಂದರೆ ಹೊರಗೆ, ‘ಕಲೆಯೋ’ ಎಂದರೆ ಕರೆಯುವುದು, ಆದಕಾರಣ ‘ಎಕ್ಲೇಸಿಯ’ ಎಂದರೆ ಲೋಕದೊಳಗಿಂದ ಹೊರಗೆ ಕರೆಯಲ್ಪಟ್ಟವರು. ನನ್ನ ಹಳೆಯ ಟಿಪ್ಪಣಿಗಳಲ್ಲಿಯೂ ಈ ಮಾತಿದೆ. ಇದರಲ್ಲಿ ಧಾತುವಿನ ವಿಭಜನೆ ಸರಿಯಾಗಿಯೇ ಇದೆ. ಆದರೆ ‘ಲೋಕದೊಳಗಿಂದ’ ಎಂಬುದು ಪದದಲ್ಲಿ ಎಲ್ಲಿಯೂ ಇಲ್ಲ. ಅದನ್ನು ಸೇರಿಸಿದವರು ನಾವು.

ಶಬ್ದದ ವ್ಯುತ್ಪತ್ತಿಯೇ ಅದರ ಅರ್ಥವಲ್ಲವೆಂಬುದನ್ನು ನಮ್ಮ ದೇಶದ ಶಾಸ್ತ್ರಕಾರರು ಬಹು ಹಿಂದೆಯೇ ಅರಿತಿದ್ದರು. ಯೋಗಾರ್ಥಕ್ಕಿಂತ ರೂಢಾರ್ಥವೇ ಬಲವಾದದ್ದೆಂದು ಅವರು ನಿರ್ಣಯಿಸಿದರು. ‘ಕುಶಲ’ನೆಂದರೆ ಮೂಲತಃ ದರ್ಭೆಯನ್ನು ಕೊಯ್ಯುವವನು; ಹಾಗೆಂದು ಕುಶಲನಾದ ಬಡಗಿಯನ್ನು ಹುಡುಕುವವನು ದರ್ಭೆಯನ್ನು ವಿಚಾರಿಸುವುದಿಲ್ಲ. ಬೈಬಲ್ ಅಧ್ಯಯನದಲ್ಲಿ ಇದೇ ಎಚ್ಚರಿಕೆಯನ್ನು 1961ರಲ್ಲಿ ಜೇಮ್ಸ್ ಬಾರ್ ತಮ್ಮ ಗ್ರಂಥದಲ್ಲಿ ಕಟುವಾಗಿಯೇ ನೀಡಿದರು. ಅವರು ಪರೀಕ್ಷಿಸಿದ ಶಬ್ದಗಳಲ್ಲಿ ‘ಎಕ್ಲೇಸಿಯ’ವೂ ಒಂದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಂದರೂ ಪ್ರಸಂಗಪೀಠ ಆ ಎಚ್ಚರಿಕೆಯನ್ನು ಕೇಳಿಸಿಕೊಂಡಂತೆ ತೋರುವುದಿಲ್ಲ.

ಅಥೆನ್ಸಿನಲ್ಲಿ ಪ್ನಿಕ್ಸ್ ಗುಡ್ಡದ ಮೇಲೆ ಪೌರರು ನೆರೆದು ಯುದ್ಧ, ಕಾನೂನು, ಹಣಕಾಸುಗಳನ್ನು ನಿರ್ಣಯಿಸುತ್ತಿದ್ದ ಕೂಟವೇ ಎಕ್ಲೇಸಿಯ. ಅಲ್ಲಿಗೆ ಬಂದವರು ನಗರವನ್ನು ತೊರೆದು ಬಂದವರಲ್ಲ. ನಗರದ ಪರವಾಗಿಯೇ ಬಂದವರು. ಹೀಬ್ರೂ ಶಾಸ್ತ್ರವನ್ನು ಗ್ರೀಕಿಗೆ ತಂದ ಸೆಪ್ತುವಜಿಂತದ ಅನುವಾದಕರು ‘ಕಾಹಾಲ್’ ಎಂಬ ಶಬ್ದಕ್ಕೆ ಈ ಪದವನ್ನು ಆರಿಸಿಕೊಂಡರು. ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲರು ನೆರೆದ ದಿನವೂ ಎಕ್ಲೇಸಿಯದ ದಿನವೇ. ಆದರೆ 26ನೆಯ ಕೀರ್ತನೆಯಲ್ಲಿ ಕೀರ್ತನೆಗಾರನು ಹಗೆಮಾಡುವ ದುಷ್ಟರ ಕೂಟಕ್ಕೂ ಅದೇ ಶಬ್ದ. ಎಫೆಸದ ನಾಟಕಶಾಲೆಯಲ್ಲಿ ಏತಕ್ಕೆ ಕೂಡಿದೆವೆಂದು ತಮಗೇ ತಿಳಿಯದೆ ಕೂಗಾಡಿದ ಗುಂಪನ್ನೂ ಲೂಕನು ಎಕ್ಲೇಸಿಯವೆಂದೇ ಕರೆಯುತ್ತಾನೆ (ಅ.ಕೃ. 19:32, 41). ‘ಹೊರಗೆ ಕರೆಯಲ್ಪಟ್ಟ ಪರಿಶುದ್ಧರು’ ಎಂಬ ಅರ್ಥವನ್ನು ಅಲ್ಲಿ ಇಟ್ಟು ಓದಿದರೆ ದೇಮೇತ್ರಿಯನ ಅಕ್ಕಸಾಲಿಗರಿಗೂ ಆ ಬಿರುದು ಸಲ್ಲಬೇಕಾದೀತು.

ಇನ್ನು ‘ಎಕ್ಕಲೆಯೋ’ ಎಂಬ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಸೆಪ್ತುವಜಿಂತದಲ್ಲಿ ಬರುವುದೂ ಅಪೂರ್ವ. ಅಂಥ ಕಡೆಗಳಲ್ಲೊಂದು ಆದಿಕಾಂಡ 19:5. ಅಲ್ಲಿ ಹೊರಗೆ ಕರೆಯುವವರು ಸೊದೋಮಿನವರು, ಕರೆಯಲ್ಪಡುವವನು ಲೋಟನು! ಧಾತುವನ್ನೇ ನೆಚ್ಚಿ ಪ್ರಸಂಗಿಸುವವರು ಈ ವಚನವನ್ನೂ ಎದುರಿಸಬೇಕಾಗುತ್ತದೆ.

ದೇವರ ಕರೆಯ ಬೋಧನೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಅದಕ್ಕೆ ಪೌಲನಲ್ಲಿ ‘ಕ್ಲೇತೋಸ್’, ಅಂದರೆ ಕರೆಯಲ್ಪಟ್ಟವನು, ಎಂಬ ಬೇರೆ ಮಾತೇ ಇದೆ. ಪ್ರತ್ಯೇಕತೆಯನ್ನು ಬೋಧಿಸಬೇಕಾದವರಿಗೆ 2 ಕೊರಿಂಥ 6:17 ಇದೆ. ‘ಎಕ್ಲೇಸಿಯ’ ಎಂಬಲ್ಲಿ ಮಾತ್ರ ಪೌಲನ ಒತ್ತು ಹೊರಡುವುದರ ಮೇಲಿಲ್ಲ, ಕೂಡಿಬರುವುದರ ಮೇಲೆ. ಯಾವುದರಿಂದ ಎಂಬುದರ ಮೇಲಿಲ್ಲ, ಯಾರದು ಎಂಬುದರ ಮೇಲೆ. ‘ದೇವರ’ ಎಂಬ ಷಷ್ಠೀ ವಿಭಕ್ತಿಯೇ ಆ ಸಾಮಾನ್ಯ ಶಬ್ದಕ್ಕೆ ಅದರ ಭಾರವನ್ನು ಕೊಡುತ್ತದೆ. ನಾಲ್ಕನೆಯ ಶತಮಾನದಲ್ಲಿ ಯೆರೂಸಲೇಮಿನ ಸಿರಿಲನು ಇದೇ ಪದದ ವ್ಯುತ್ಪತ್ತಿಯನ್ನು ದೀಕ್ಷಾರ್ಥಿಗಳಿಗೆ ವಿವರಿಸಿದಾಗಲೂ, ಎಲ್ಲರನ್ನೂ ಕರೆದು ಒಂದುಗೂಡಿಸುವುದರಿಂದ ಸಭೆಗೆ ಈ ಹೆಸರು ತಕ್ಕದ್ದೆಂದನೇ ಹೊರತು ಕೆಲವರನ್ನು ಬೇರ್ಪಡಿಸುವುದರಿಂದ ಎನ್ನಲಿಲ್ಲ.

ನಮ್ಮ ಕನ್ನಡದ ಶಬ್ದಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. ಕರಾವಳಿಯ ‘ಇಗರ್ಜಿ’ ಪೋರ್ಚುಗೀಸರ ‘ಇಗ್ರೇಜ’ದ ಮೂಲಕ ನೇರವಾಗಿ ಎಕ್ಲೇಸಿಯದಿಂದಲೇ ಇಳಿದು ಬಂದದ್ದು, ಆದರೂ ಅದು ಸೂಚಿಸುವುದು ಕಟ್ಟಡವನ್ನು. ‘ಚರ್ಚು’ ಬೇರೊಂದು ಗ್ರೀಕ್ ಪದದಿಂದ, ಕರ್ತನಿಗೆ ಸೇರಿದ್ದು ಎಂಬರ್ಥದ ‘ಕುರಿಯಕೋನ್’ನಿಂದ, ಬಂದದ್ದು. ‘ಸಭೆ’ಗೆ ಗ್ರೀಕಿನ ಸಂಬಂಧವೇ ಇಲ್ಲ, ಅರ್ಥದಲ್ಲಿ ಮಾತ್ರ ಅದೇ ಎಕ್ಲೇಸಿಯಕ್ಕೆ ಅತಿ ಸಮೀಪವಾದದ್ದು. ಧಾತು ಉಳಿದ ಕಡೆ ಅರ್ಥ ಜಾರಿತು, ಧಾತುವಿಲ್ಲದ ಕಡೆ ಅರ್ಥ ನೆಲೆಸಿತು. ಟಿಂಡೇಲನು 1526ರಲ್ಲಿ ಈ ಪದವನ್ನು ಜನಸಮೂಹವೆಂಬ ಅರ್ಥದಲ್ಲಿ ಅನುವಾದಿಸಿದ್ದಕ್ಕೆ ಥಾಮಸ್ ಮೋರನ ಆಕ್ಷೇಪಣೆಗೆ ಗುರಿಯಾದನು. ನಮ್ಮ ‘ಸಭೆ’ಯಲ್ಲಿ ಆ ಅರ್ಥ ಸಹಜವಾಗಿಯೇ ಇದೆ. ‘ಸಭೆ’ಗೂ ತನ್ನದೇ ನೆನಪುಗಳಿವೆಯೆಂಬುದು ಬೇರೆ ಮಾತು, ದ್ರೌಪದಿಯ ಪ್ರಶ್ನೆಗೆ ಉತ್ತರ ದೊರೆಯದೆ ಹೋದದ್ದೂ ಒಂದು ಸಭೆಯಲ್ಲಿಯೇ.

ಇದು ಕೇವಲ ನಿಘಂಟಿನ ಜಗಳವಲ್ಲ. ಹೊರಗೆ ಕರೆಯಲ್ಪಟ್ಟವರೆಂಬ ವಿವರಣೆಯನ್ನು ವರ್ಷಗಟ್ಟಲೆ ಕೇಳಿದ ಸಭೆ ತನ್ನ ಬೇಲಿಯ ಆಚೆಗಿರುವವರನ್ನೇ ನೋಡಲು ಕಲಿಯುತ್ತದೆ; ಒಳಗೆ ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ, ಯಾರು ಕೂರುವುದಿಲ್ಲ ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ಅಥೆನ್ಸಿನ ಎಕ್ಲೇಸಿಯದಲ್ಲಿ ದಾಸರಿಗೂ ಪರದೇಶಿಯರಿಗೂ ಸ್ತ್ರೀಯರಿಗೂ ಸ್ಥಾನವಿರಲಿಲ್ಲ. ಪೌಲನು ಕೆಂಖ್ರೆಯ ಎಕ್ಲೇಸಿಯದ ಸೇವಕಿಯೆಂದು ಪರಿಚಯಿಸುವುದು ಫೊಯಿಬೆಯನ್ನು. ಕೊರಿಂಥದವರು ದೇವರ ಎಕ್ಲೇಸಿಯವನ್ನು ತಾತ್ಸಾರ ಮಾಡಿದರೆಂದು ಅವನು ಗದರಿಸುವ ಸಂದರ್ಭವನ್ನು ತೆರೆದು ನೋಡಬೇಕು (1 ಕೊರಿಂಥ 11:22). ಅವರು ಲೋಕದೊಡನೆ ಬೆರೆತರೆಂಬುದು ಅಲ್ಲಿನ ದೂರಲ್ಲ. ಕೂಡಿಬಂದ ಊಟದಲ್ಲಿ ಉಳ್ಳವರು ತಮ್ಮ ತಮ್ಮದನ್ನು ಮೊದಲೇ ಉಂಡು ಮುಗಿಸಿ, ಏನೂ ಇಲ್ಲದವರನ್ನು ನಾಚಿಕೆಪಡಿಸಿದ್ದರು.